ಅಕ್ಷರ ಹೆಚ್ಚಿದ್ದಷ್ಟೂ ಬೆಳ್ಳಿ ಕಡಿಮಿ

ಭೀಮಾ ದಂಡೆಯ ದೇವಣಗಾಂವದಲ್ಲಿ ಮದುವೆ ಮುಗಿದ ಮರುದಿನ ಆಯೇರದ ತನಿಖೆ ಸುರುವಾಗುತ್ತದೆ. ಯಾರು ಬೆಳ್ಳಿ ಕೊಟ್ಟರು, ಯಾರು ಬರೇ ಬೆಳ್ಳಗಿದ್ದದ್ದು ಕೊಟ್ಟರು ಎಂಬುದು ಇತ್ಯರ್ಥವಾಗದ ಹೊರತು ಅವರ ಮನೆಯ ಮದುವೆಗೆ ನಾವು ಏನು ಒಯ್ಯಬೇಕೆಂಬುದು ತಿಳಿಯುವುದಿಲ್ಲ. ಇಂಗ್ಲಿಷ್ ಅಕ್ಷರ ಓದಲು ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ಈ ಪಂಚನಾಮೆಗೆ ನನ್ನನ್ನು ಕರೆಯುತ್ತಾರೆ. ತಾಟು, ಬಟ್ಟಲು, ಕುಂಕುಮ ಭರಣಿ ಎಲ್ಲವನ್ನೂ ಬೋರಲು ಹಾಕಿ ಓದೀ ಓದಿ ನಾನೊಂದು ಸೂತ್ರ ಮಾಡಿಕೊಂಡಿದ್ದೇನೆ: ಅಕ್ಷರ ಹೆಚ್ಚಿದ್ದಷ್ಟೂ ಬೆಳ್ಳಿ ಕಡಿಮಿ.

ಕಾಕಾನ ಮನೆಯ ಟ್ರೇ ನೋಡಿ. ಅದರ ಬೆನ್ನ ಮೇಲೆ ‘ಇಪಿಎನ್‌ಎಸ್’ ಎಂದು ಒಂದೊಂದು ಅಕ್ಷರಕ್ಕೂ ಒಂದೊಂದು ಚೌಕ, ಪಕ್ಕದಲ್ಲಿ ‘ಎ1’. ಥೇಟ್ ರಾಜಮುದ್ರೆ! ಅದರರ್ಥ, ನಿಕಲ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಕೊಟ್ಟ ಬೆಳ್ಳಿಯ ಮುಲಾಮು. ಆ ನಿಕಲ್ ಸಿಲ್ವರ್ ಎಂದರೆ ತಾಮ್ರ, ಸತುವು, ನಿಕಲ್; ಅದರಲ್ಲಿ ಬೆಳ್ಳಿ ಸೊನ್ನೆ. ಜರ್ಮನ್ ಸಿಲ್ವರ್ ಎಂಬುದೂ ಅದೇ ಆಸಾಮಿ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಮನೆತನದವರು ಈ ಮುಲಾಮಿಗೆ ಪೇಟೆಂಟ್ ಪಡೆದರು. ಅಂದಿನಿಂದ ಬಡವರ ಮೇಜೂ ಮಿಂಚತೊಡಗಿತು. ‘ಎ1’ ಹೇಳುವುದು ಮುಲಾಮಿನ ದರ್ಜೆಯನ್ನು, ಲೋಹದ ಶುದ್ಧತೆಯನ್ನಲ್ಲ. ಇದನ್ನು ಕಾಕಾಗೆ ಹೇಳುವ ಧೈರ್ಯ ಯಾರಿಗಿದೆ? “ಎ ಒನ್ ಅಂದ್ರ ಎ ಒನ್ನಪಾ!” ಎಂದು ಮೀಸೆ ತಿರುವುತ್ತಾನೆ.

ಮಾವ ವಿಜ್ಞಾನಿ. ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ಬರುತ್ತಾನೆ. ಅಂಟದಿದ್ದರೆ ಬೆಳ್ಳಿ! ತಾಮ್ರ, ಹಿತ್ತಾಳೆ, ಜರ್ಮನ್ ಸಿಲ್ವರ್ ಯಾವುದೂ ಅಂಟುವುದಿಲ್ಲವಾದ್ದರಿಂದ ಮಾವನ ಮನೆ ತುಂಬ ಬೆಳ್ಳಿಯೇ.

ಪತ್ತಾರ ಕಾಕಾ ಹೀಗೆಲ್ಲ ಆಟ ಆಡುವುದಿಲ್ಲ. ಕಾಣದ ಮೂಲೆಯಲ್ಲಿ ಅರದಿಂದ ಆಳವಾಗಿ ಗೀರಿ ಒಂದು ಹನಿ ಆ್ಯಸಿಡ್ ಬಿಡುತ್ತಾನೆ. ಮುಲಾಮಿನ ಕೆಳಗೆ ತಾಮ್ರದ ಬೆರಕೆ ಇದ್ದರೆ ಹಸಿರು ಉಕ್ಕುತ್ತದೆ, ಕೊಟ್ಟ ಬೀಗರ ಮಾನವೂ ಹಸಿರಾಗುತ್ತದೆ.

ಇಷ್ಟೆಲ್ಲದರ ನಡುವೆ ಆಯಿಯ ಕೊರಳಲ್ಲಿದ್ದ ರೂಪಾಯಿ ಸರದ ಪರೀಕ್ಷೆ ಯಾರೂ ಮಾಡಲಿಲ್ಲ. ಆಯಿಗೆ ಓದು ಬರದು, ಆದರೂ ಆಕೆಯ ಶಾಸ್ತ್ರ ಪಕ್ಕಾ: “ಹೆಣ್ಮಗಳ ಮಾರಿ ಇದ್ರ ಕಣ್ಣ ಮುಚ್ಚಿ ತಗೋ. ಗಂಡಸರ ಮಾರಿ ಇದ್ರ ಇಸವಿ ಓದಿಸು.” ಹೆಣ್ಮಗಳು ವಿಕ್ಟೋರಿಯಾ ರಾಣಿ. ಆಕೆಯ ರೂಪಾಯಿ ಒಂದು ತೊಲಿ, ಅಂದರೆ 11.66 ಗ್ರಾಂ, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಮುಂದಿನ ರಾಜರೂ ಇದನ್ನೇ ಪಾಲಿಸಿದರು. ಯುದ್ಧ ಬಂದು 1940ರಲ್ಲಿ ಅರ್ಧಕ್ಕರ್ಧ ಬೆರಕೆಯಾಯಿತು, 1947ರ ರೂಪಾಯಿಯಂತೂ ಪೂರಾ ನಿಕಲ್. ಮಾರಿ ಅದೇ, ಮಾಲು ಬೇರೆ.

ಈಗಿನ ಅಂಗಡಿಯಲ್ಲಿ ‘925’ ಎಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಆದರೆ ಬರೀ ಅಂಕಿ ಒತ್ತುವುದಕ್ಕೆ ಒಂದು ಅಚ್ಚು, ಒಂದು ಸುತ್ತಿಗೆ ಸಾಕು. ಅಂಕಿಯ ಜೊತೆ ಹಾಲ್‌ಮಾರ್ಕ್ ಕೊಡುವ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ ತ್ರಿಕೋನವೂ ಇರಬೇಕು. ಚಿನ್ನಕ್ಕೆ 2021ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು; ಬೆಳ್ಳಿಗೆ ಅದು ಇಚ್ಛೆಯ ಮಾತು. 2025ರ ಸೆಪ್ಟೆಂಬರಿನಿಂದ ಹಾಲ್‌ಮಾರ್ಕ್ ಆದ ಬೆಳ್ಳಿಗೂ ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಗುರುತು ಬಂದಿದೆ, ಮೊಬೈಲಿನಲ್ಲಿ ಹಾಕಿ ತಾಳೆ ನೋಡಬಹುದು.

ಇದನ್ನೆಲ್ಲ ಆಯಿಗೆ ಬಿಡಿಸಿ ಹೇಳಿದೆ. ಆಕೆ ಎಲಿಗೆ ಸುಣ್ಣ ಸವರುತ್ತ ಕೇಳಿಸಿಕೊಂಡಳು.

“ತ್ರಿಕೋನ ಒಂದು, ಅಂಕಿ ಮೂರು, ಮ್ಯಾಲ ಮತ್ತ ಆರು. ನಿನ್ನ ಲೆಕ್ಕದಾಗ ಇದರಾಗ ಬೆಳ್ಳಿನ ಇಲ್ಲಲ್ಲೋ ತಮ್ಮಾ!”