ಹಿಂದಿನ ಗಾಡಿಯ ಮಹನೀಯರಿಗೆ

ಮಾನ್ಯರೇ,

ಗೂಡಲೂರು ಬಳಿಯ ತೊರಪಳ್ಳಿಯಿಂದ ಒಬ್ಬ ಎಲ್ ಬೋರ್ಡಿನವಳ ನಮಸ್ಕಾರಗಳು.

ತಾವು ಯಾರೋ ನನಗೆ ಗೊತ್ತಿಲ್ಲ, ತಮ್ಮ ಹಾರ್ನ್ ಮಾತ್ರ ಚೆನ್ನಾಗಿ ಗೊತ್ತು. ಶನಿವಾರ ನಸುಕಿಗೇ ಬೆಂಗಳೂರು ಬಿಟ್ಟು, ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದು, ಬಂಡೀಪುರ ಮುಗಿಸಿ, ಮುದುಮಲೆಯನ್ನೂ ದಾಟಿ, ಕಾಡು ಕಳೆಯಿತಪ್ಪಾ ಇನ್ನು ಊಟಿಯೇ ಎಂದು ತಾವು ಕಾಲು ಒತ್ತುವ ಹೊತ್ತಿಗೆ ಸರಿಯಾಗಿ ಎದುರಿಗೊಂದು ಬಿಳಿ ಆಲ್ಟೋ ಇರುತ್ತದೆ. ಕೆಲವು ಸಲ ನಿಂತಿರುತ್ತದೆ, ಕೆಲವು ಸಲ ನಿಲ್ಲುವ ಪ್ರಯತ್ನದಲ್ಲಿರುತ್ತದೆ, ಇನ್ನು ಕೆಲವು ಸಲ ತಮ್ಮ ಕಡೆಗೇ ಬರುತ್ತಿರುತ್ತದೆ. ಒಳಗಿರುವುದು ನಾನು.

ನನ್ನನ್ನು ಗುರುತು ಹಿಡಿಯಲು ಸರ್ಕಾರ ತಕ್ಕ ಏರ್ಪಾಡು ಮಾಡಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬಿಳಿಯ ಮೇಲೆ ಕೆಂಪು ಎಲ್ ಇರಬೇಕು, ಫಲಕ 18 ಸೆಂ.ಮೀ. ಚೌಕಕ್ಕೆ ಕಡಿಮೆಯಾಗಬಾರದು, ಅಕ್ಷರದ ಎತ್ತರ 10 ಸೆಂ.ಮೀ.ಗೆ ಇಳಿಯಬಾರದು. ನನಗೆ ಓಡಿಸಲು ಬರುವುದಿಲ್ಲ ಎಂಬ ಸಂಗತಿಯನ್ನು ಹೀಗೆ ಅಳತೆಯ ಪ್ರಕಾರ ಹಿಂದೆ ಮುಂದೆ ತಗುಲಿಹಾಕಿಕೊಂಡು ಓಡಾಡುತ್ತಿದ್ದೇನೆ. ತಮಗೆ ಬರುವುದಿಲ್ಲ ಎಂಬುದಕ್ಕೆ ಮಾತ್ರ ನಿಯಮದಲ್ಲಿ ಯಾವ ಫಲಕವನ್ನೂ ಹೇಳಿಲ್ಲ. ಅದು ಘಾಟಿಯ ಎರಡನೇ ತಿರುವಿನಲ್ಲಿ ತಾನಾಗಿಯೇ ಗೊತ್ತಾಗುತ್ತದೆ.

ಏರಿನಲ್ಲಿ ನಿಂತ ಗಾಡಿಯನ್ನು ಹೊರಡಿಸುವುದು ಹೇಗೆಂಬುದನ್ನು ತಾವು ಮರೆತಿರಬಹುದು, ನೆನಪಿಸುತ್ತೇನೆ. ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಆಕ್ಸಿಲರೇಟರಿನ ಮೇಲೆ, ಎಡಗೈ ಹ್ಯಾಂಡ್‌ಬ್ರೇಕಿನ ಮೇಲೆ, ಒಂದು ಕಣ್ಣು ಕನ್ನಡಿಯಲ್ಲಿ ಕಾಣುವ ತಮ್ಮ ಮೇಲೆ. ಸ್ವಲ್ಪ ರೇಸ್ ಕೊಟ್ಟು ಕ್ಲಚ್ಚನ್ನು ಕೂದಲೆಳೆಯಷ್ಟು ಎತ್ತುತ್ತ ಬರಬೇಕು. ಒಂದು ಹಂತದಲ್ಲಿ ಎಂಜಿನ್ನಿನ ದನಿ ದಪ್ಪಗಾಗಿ ತಗ್ಗುತ್ತದೆ, ಬಾನೆಟ್ಟು ಒಂಚೂರು ಮೇಲೇಳುತ್ತದೆ, ಸೀಟಿನ ಕೆಳಗೆ ಸಣ್ಣ ನಡುಕ ಶುರುವಾಗುತ್ತದೆ. ಅದೇ ಹಾಫ್ ಕ್ಲಚ್. ಕಾಲನ್ನು ಅಲ್ಲೇ ಹಿಡಿದು ಹ್ಯಾಂಡ್‌ಬ್ರೇಕ್ ಬಿಟ್ಟರೆ ಗಾಡಿ ಹಿಂದಕ್ಕೂ ಜಾರದೆ ಮುಂದಕ್ಕೂ ನೆಗೆಯದೆ ಮರ್ಯಾದೆಯಿಂದ ಹೊರಡುತ್ತದಂತೆ. ಅಂತೆ ಎನ್ನಲು ಕಾರಣ, ನನ್ನ ಕಾಲು ಆ ಜಾಗಕ್ಕೆ ಬಂದಾಗಲೆಲ್ಲ ತಾವು ಹಾರ್ನ್ ಒತ್ತಿರುತ್ತೀರಿ. ಎಡಗಾಲು ಬೆಚ್ಚಿ ಪೂರ್ತಿ ಮೇಲೆದ್ದುಬಿಡುತ್ತದೆ. ಗಾಡಿ ಒಮ್ಮೆ ಮೈ ಕೊಡವಿ ಆಫ್. ತಾವು ಇನ್ನೊಮ್ಮೆ ಒತ್ತುತ್ತೀರಿ, ಆಫ್ ಆದ ಗಾಡಿ ಹಾರ್ನ್ ಕೇಳಿ ಸ್ಟಾರ್ಟ್ ಆಗುತ್ತದೆಂಬ ನಂಬಿಕೆಯಿಂದ.

ಪಕ್ಕದಲ್ಲಿ ಕೂತು ಕಲಿಸುವ ನಮ್ಮ ಮೇಷ್ಟ್ರಿಗೆ ಇದರಿಂದ ಹೆಚ್ಚೇನೂ ತೊಂದರೆಯಿಲ್ಲ. ತರಬೇತಿ ಗಾಡಿಗೆ ಜೋಡಿ ಪೆಡಲ್ ಇರಲೇಬೇಕೆಂದು ಕಾನೂನು, ಹಾಗಾಗಿ ಅವರ ಕಾಲ ಬುಡದಲ್ಲೂ ಬ್ರೇಕಿದೆ, ಕ್ಲಚ್ಚಿದೆ. ಗಾಡಿ ಚೆನ್ನಾಗಿ ಓಡಿದ ದಿನ ಓಡಿಸಿದ್ದು ನಾನೋ ಅವರೋ ಎಂಬ ಗುಮಾನಿ ಇನ್ನೂ ಬಗೆಹರಿದಿಲ್ಲ. ಗೂಡಲೂರು ಸೀಮೆಯವರು ನೋಡಿ, ತುಳಿ ಎನ್ನುವುದು ಮಲಯಾಳದಲ್ಲಿ, ಬಿಡು ಎನ್ನುವುದು ತಮಿಳಿನಲ್ಲಿ. ಬೈಯುವುದನ್ನು ಮಾತ್ರ ನನಗೆ ಚೆನ್ನಾಗಿ ಅರ್ಥವಾಗಲೆಂದು ಕನ್ನಡದಲ್ಲೇ ಬೈಯುತ್ತಾರೆ.

ತಾವೂ ಒಂದು ಕಾಲದಲ್ಲಿ ಪರೀಕ್ಷೆ ಕೊಟ್ಟವರೇ ಅಲ್ಲವೇ? ಪರೀಕ್ಷೆಯಲ್ಲಿ ಏನೇನು ಮಾಡಿ ತೋರಿಸಬೇಕೆಂಬುದು ಅದೇ 1989ರ ನಿಯಮಗಳ 15ನೇ ನಿಯಮದಲ್ಲಿದೆ. ಕಡಿದಾದ ಏರಿನಲ್ಲಿ ನಿಲ್ಲಿಸಿ, ಕಿಂಚಿತ್ತೂ ಹಿಂದಕ್ಕೆ ಜಾರದೆ ಮತ್ತೆ ಹೊರಡಿಸಬೇಕು. ಇಳಿಜಾರಿನಲ್ಲಿ ಚುರುಕಾಗಿ ಕೆಳಗಿನ ಗೇರಿಗೆ ಬರಬೇಕು. ಇದನ್ನೆಲ್ಲ ತಾವು ಎಲ್ಲಿ ಮಾಡಿ ತೋರಿಸಿದಿರೋ! ಮಾಲಿನ ನೆಲಮಾಳಿಗೆಯಿಂದ ಮೇಲೆ ಬರುವ ರ‍್ಯಾಂಪಿಗಿಂತ ಕಡಿದಾದ ಏರನ್ನು ಕಾಣದೆಯೇ ಲೈಸೆನ್ಸ್ ಪಡೆದವರು ನಮ್ಮ ರಸ್ತೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಕಿರಿದಾದ ಬೆಟ್ಟದ ದಾರಿಯಲ್ಲಿ ಇಳಿಯುವವರು ಬದಿಗೆ ನಿಂತು ಏರುವವರಿಗೆ ದಾರಿ ಬಿಡಬೇಕೆಂಬ ನಿಯಮವೂ ಇದೆ. ಅದನ್ನು ಯಾಕೆ ಮಾಡಿದರು ಅಂದುಕೊಂಡಿರಿ? ಏರಿನಲ್ಲಿ ನಿಂತವರಿಗೆ ಮತ್ತೆ ಹೊರಡುವುದು ಎಷ್ಟು ಕಷ್ಟ ಎಂದು ಬಲ್ಲವರು ಯಾರೋ ಬರೆದಿದ್ದಾರೆ. ಆ ಪುಣ್ಯಾತ್ಮರ ಕಾಲೂ ಕ್ಲಚ್ಚಿನ ಮೇಲೆ ನಡುಗಿದ್ದಿರಬೇಕು.

ನನ್ನ ಗಾಡಿಯಿಂದ ಸುಟ್ಟ ವಾಸನೆ ಬರುತ್ತದೆಂದು ತಾವು ಕಿಟಕಿ ಏರಿಸಿಕೊಂಡಿರಿ. ಒಪ್ಪಿದೆ, ಅದು ಕ್ಲಚ್ ಪ್ಲೇಟಿನದು. ಭಾನುವಾರ ಸಂಜೆ ನಡುವಟ್ಟಂ ಕಡೆಯಿಂದ ಗೂಡಲೂರಿಗೆ ಇಳಿದು ಬರುವ ತಮ್ಮ ಗಾಡಿಯ ವಾಸನೆಯೂ ನಮಗೆ ಪರಿಚಿತವೇ, ಅದು ಬ್ರೇಕಿನದು. ಇಳಿಜಾರಿನ ಉದ್ದಕ್ಕೂ ಬ್ರೇಕ್ ತುಳಿದೇ ಇದ್ದರೆ ಪ್ಯಾಡು ಕಾದು ಹಿಡಿತ ಕಳೆದುಕೊಳ್ಳುತ್ತದೆ, ತೀರಾ ಕಾದರೆ ಬ್ರೇಕ್ ಆಯಿಲ್ ಕುದಿದು ಪೆಡಲ್ ಸುಮ್ಮನೆ ತಳಕ್ಕೆ ಹೋಗುತ್ತದೆ. ಎರಡನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಪೆಟ್ರೋಲ್ ಉಳಿಸುವ ಜಾಣರು ನ್ಯೂಟ್ರಲ್‌ಗೆ ಹಾಕಿ ಆ ಹಿಡಿತವನ್ನೂ ಕಳೆದುಕೊಳ್ಳುತ್ತಾರೆ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಹೊರಗಿನ ಗಾಡಿಗಳನ್ನು ಅಲ್ಲಿ ಹತ್ತಲು ಬಿಡುತ್ತಾರೆ, ಇಳಿಯಲು ಬಿಡುವುದಿಲ್ಲ. ಆ ನಿರ್ಬಂಧ ಬಂದದ್ದು ನನ್ನಂಥವರಿಂದಲ್ಲ. ಎಲ್ ಬೋರ್ಡಿನವರು ಅಲ್ಲಿಗೆ ಹೋಗುವುದಿರಲಿ, ಹೆಸರು ಕೇಳಿದರೇ ಅಂಗೈ ಬೆವರುತ್ತದೆ.

ಇನ್ನು ಗೇಟಿನ ವಿಷಯ. ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಕಾಡಿನ ರಸ್ತೆ ಮುಚ್ಚಿರುತ್ತದೆ. ಬಂಡೀಪುರದ ಕಡೆ 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಮಾಡಿದ ಆದೇಶವನ್ನು ಮರುವರ್ಷ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ರಾತ್ರಿ ಹೊತ್ತು ಗಾಡಿಗೆ ಸಿಕ್ಕು ಪ್ರಾಣಿಗಳು ಸಾಯಬಾರದೆಂಬುದು ಉದ್ದೇಶ. ಆ ಗೇಟು ಬೀಳುವ ಮೊದಲು ತಲುಪಬೇಕೆಂದು ಭಾನುವಾರ ಎಂಟೂವರೆಗೆ ತಾವು ಅದೇ ಪ್ರಾಣಿಗಳು ಅಡ್ಡ ಬರುವ ರಸ್ತೆಯಲ್ಲಿ ಹೆಡ್‌ಲೈಟ್ ಮಿಟುಕಿಸುತ್ತ ಹಾರಿಕೊಂಡು ಹೋಗುತ್ತೀರಿ. ದಾರಿಯಲ್ಲಿ ಆನೆ ಕಂಡರೆ ಆ ಅವಸರವೆಲ್ಲ ಎಲ್ಲಿ ಹೋಗುತ್ತದೋ, ಇಳಿದು ಫೋಟೋಗೆ ನಿಲ್ಲುತ್ತೀರಿ. 2025ರ ಆಗಸ್ಟಿನಲ್ಲಿ ಬಂಡೀಪುರದಲ್ಲಿ ಹೀಗೆ ಸೆಲ್ಫಿಗೆ ಹೋದವರೊಬ್ಬರು ಆನೆಯ ಕಾಲಡಿಯಿಂದ ಹೇಗೋ ಬದುಕಿ ಬಂದು, ಅರಣ್ಯ ಇಲಾಖೆಗೆ 25 ಸಾವಿರ ರೂಪಾಯಿ ದಂಡ ಕಟ್ಟಬೇಕಾಯಿತು. ಆನೆ ಕಂಡಾಗ ಎಂಜಿನ್ ಆಫ್ ಮಾಡಿ ಮಿಸುಕದೆ ಕೂರುವುದು ಜಾಣತನವೆಂದಾದರೆ ನಾನು ಬಹಳ ಜಾಣೆ. ನಾನು ಮಾಡದಿದ್ದರೂ ಎಂಜಿನ್ ಆಫ್ ಆಗುತ್ತದೆ.

ಹೊಸಬರನ್ನು ಕಾಯುವ ದೇಶವೂ ಇದೆ ನೋಡಿ: ಜಪಾನಿನಲ್ಲಿ ಹೊಸದಾಗಿ ಲೈಸೆನ್ಸ್ ಪಡೆದವರು ಒಂದು ವರ್ಷ ಗಾಡಿಗೆ ಹಳದಿ ಹಸಿರಿನ ಗುರುತು ಅಂಟಿಸಿಕೊಂಡಿರಬೇಕು. ಆ ಗುರುತಿನ ಗಾಡಿಯ ಮೇಲೆ ಬೇರೆಯವರು ಒತ್ತರಿಸಿಕೊಂಡು ಬಂದರೆ, ಸುಮ್ಮನೆ ಮುಂದೆ ನುಗ್ಗಿದರೆ, ಕಾನೂನು ಅವರನ್ನು ಕೇಳುತ್ತದೆ. ಇಂಥದ್ದೊಂದು ಇಲ್ಲಿಗೂ ಬಂದರೆ ಊಟಿ ರಸ್ತೆಯ ಅರ್ಧ ಟ್ರಾಫಿಕ್ಕು ಠಾಣೆಯ ಮುಂದೆಯೇ ನಿಂತೀತು. ನಮ್ಮಲ್ಲಿ ಸದ್ಯಕ್ಕಿರುವುದು ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿಗೆ ಬರುವ ಗಾಡಿಗಳಿಗೆ ಜಾರಿಯಾದ ಇ-ಪಾಸ್. ಎಷ್ಟು ಜನ, ಯಾವ ಗಾಡಿ, ಎಷ್ಟು ದಿನ ಎಂದೆಲ್ಲ ಅದರಲ್ಲಿ ವಿಚಾರಿಸುತ್ತಾರೆ. ಇಳಿಜಾರಿನಲ್ಲಿ ಯಾವ ಗೇರು ಎಂಬ ಒಂದು ಪ್ರಶ್ನೆ ಸೇರಿಸಿ, ಸರಿಯುತ್ತರ ಕೊಟ್ಟವರಿಗಷ್ಟೇ ಪಾಸ್ ಕೊಟ್ಟಿದ್ದರೆ ನೀಲಗಿರಿ ಈ ಹೊತ್ತಿಗೆ ತಣ್ಣಗಿರುತ್ತಿತ್ತು.

ನನ್ನ ಪರೀಕ್ಷೆ ಹತ್ತಿರ ಬಂದಿದೆ. ಪಾಸಾದರೆ ಆ ಕೆಂಪು ಅಕ್ಷರವನ್ನು ಕಿತ್ತು ನಾನೂ ತಮ್ಮ ಸಾಲಿಗೆ ಸೇರುತ್ತೇನೆ, ಹಾರ್ನ್ ಎಲ್ಲಿದೆಯೆಂದು ಆಮೇಲೆ ಹುಡುಕಿಕೊಳ್ಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಹೊಂದಿಕೊಂಡು ಹೋಗಿ.

ಇಂತಿ,
ತಮ್ಮ ಮುಂದಿನ ಗಾಡಿಯವಳು

ತಾ.ಕ.: ಏರಿನಲ್ಲಿ ನನ್ನ ಹಿಂದೆ ನಿಲ್ಲುವಾಗ ಒಂದು ಗಾಡಿಯಷ್ಟು ಜಾಗ ಬಿಡಿ. ಮೇಷ್ಟ್ರು ಫೋನಿನಲ್ಲಿ ಮಾತಾಡುತ್ತಿದ್ದರೆ ಎರಡು.