ಬೆರಳಚ್ಚು ಹೇಳದ ಮಾತು: ಪಾಲಕರಿಗೊಂದು ಬಹಿರಂಗ ಪತ್ರ

ಮಾನ್ಯ ಪಾಲಕರೇ,

ಬಿ.ಎ. ಪ್ರವೇಶದ ದಿನಗಳಲ್ಲಿ ಧಾರವಾಡದ ಕಾಲೇಜಿನಲ್ಲಿ ಅರ್ಜಿ ಹಿಡಿದು ನಿಂತ ನಿಮ್ಮಲ್ಲಿ ಹಲವರು ನನ್ನನ್ನು ಕೇಳಿದ್ದೀರಿ: “ಅಪರಾಧಶಾಸ್ತ್ರ ಇರ್ಲಿ ಸರ್, ಪಿಎಸ್‌ಐ ಪರೀಕ್ಷಾಕ್ಕ ಅನುಕೂಲ ಆಗ್ತೈತಿ. ಅದರ ಜೋಡಿ ಸಮಾಜಶಾಸ್ತ್ರ ಯಾಕ್ರಿ?” ಎರಡನ್ನೂ ಓದಿದವನಾಗಿ ಉತ್ತರ ಬರೆಯುತ್ತಿದ್ದೇನೆ.

ನಿಮ್ಮ ಮಗಳು ಪ್ರಯೋಗಾಲಯದಲ್ಲಿ ಬೆರಳಚ್ಚು ತೆಗೆಯುವುದನ್ನು ಕಲಿಯುತ್ತಾಳೆ. ಗಾಜಿನ ಹಲಗೆಯ ಮೇಲೆ ಕಪ್ಪು ಮಸಿಯನ್ನು ರೋಲರಿನಿಂದ ತೆಳುವಾಗಿ ಹರಡಬೇಕು. ಹೆಬ್ಬೆರಳನ್ನು ಉಗುರಿನ ಈ ಅಂಚಿನಿಂದ ಆ ಅಂಚಿಗೆ ಒಂದೇ ಸಲ ಹೊರಳಿಸಬೇಕು. ಹೆಚ್ಚು ಒತ್ತಿದರೆ ಗೆರೆಗಳು ಕಲಸಿಹೋಗುತ್ತವೆ. ಹದವಾಗಿ ಹೊರಳಿಸಿದರೆ ಒಂದೊಂದನ್ನೂ ಎಣಿಸಬಹುದು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಅಚ್ಚುಗಳನ್ನು ವಿಂಗಡಿಸುವ ಕ್ರಮ ರೂಪಿಸುವುದರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ದುಡಿಮೆ ದೊಡ್ಡದು. ನಾವು ಹೆಮ್ಮೆಪಡಬೇಕಾದ ವಿದ್ಯೆ ಇದು.

ಇದೇ ಮಸಿ ಅನ್ಯಾಯಕ್ಕೂ ಬಳಕೆಯಾಗಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಬ್ರಿಟಿಷರು ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರ ಪಟ್ಟಿಗೆ ಸೇರಿಸಿದರು. 1911ರ ಕಾಯ್ದೆ ಬಂದಮೇಲೆ, ಪಟ್ಟಿಯಲ್ಲಿದ್ದವರ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆಯುವ ಅಧಿಕಾರವೂ ಸಿಕ್ಕಿತು. ಕದ್ದಿದ್ದಾರೋ ಇಲ್ಲವೋ ಯಾರೂ ಕೇಳುವಂತಿರಲಿಲ್ಲ. ನಮ್ಮ ಪಕ್ಕದ ಹುಬ್ಬಳ್ಳಿಯಲ್ಲಿ ಇಂಥ ಕುಟುಂಬಗಳನ್ನು ಕೂಡಿಹಾಕಿದ್ದ ಜಾಗವನ್ನು ಜನ ಇವತ್ತಿಗೂ ‘ಸೆಟ್ಲ್‌ಮೆಂಟ್’ ಎಂದೇ ಕರೆಯುತ್ತಾರೆ. ಕಾಯ್ದೆ 1952ರಲ್ಲಿ ರದ್ದಾಯಿತು, ಅನುಮಾನ ಮಾತ್ರ ರದ್ದಾಗಲಿಲ್ಲ. ಜೈಲು ಕೈಪಿಡಿಗಳಲ್ಲಿ, ಆ ಪಟ್ಟಿಯಿಂದ ಹೊರಬಂದ ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳ ಸಾಲಿಗೆ ಸೇರಿಸುವ ಮಾತುಗಳನ್ನೂ, ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನೂ ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ.

ಗಾಜಿನ ಲೋಟದ ಮೇಲಿನ ಅಚ್ಚು ಯಾರದು ಎಂದು ಅಪರಾಧಶಾಸ್ತ್ರ ಪತ್ತೆಹಚ್ಚಬಲ್ಲದು. ಆತನ ಅಚ್ಚು ಮೊದಲೇ ಠಾಣೆಯ ಕಡತದಲ್ಲಿ ಯಾಕಿತ್ತು, ಪಟ್ಟಿ ಬರೆದವರು ಯಾರನ್ನು ಬಿಟ್ಟು ಬರೆದರು ಎಂದು ಕೇಳಬೇಕಾದರೆ ಸಮಾಜಶಾಸ್ತ್ರ ಬೇಕು. 1939ರಲ್ಲಿ ಅಮೆರಿಕದ ಎಡ್ವಿನ್ ಸದರ್ಲೆಂಡ್ ಸಮಾಜಶಾಸ್ತ್ರಜ್ಞರ ಸಭೆಯಲ್ಲಿ ಎತ್ತಿದ್ದೂ ಇಂಥದೇ ಪ್ರಶ್ನೆ: ಬಡವರ ಕಳವನ್ನಷ್ಟೇ ಲೆಕ್ಕಕ್ಕೆ ಹಿಡಿದು, ದೊಡ್ಡ ಕಂಪನಿಗಳ ಮೋಸವನ್ನು ಬಿಟ್ಟರೆ ಅದು ಎಂಥ ಶಾಸ್ತ್ರ? ‘ವೈಟ್ ಕಾಲರ್ ಅಪರಾಧ’ ಎಂಬ ಮಾತು ಚಲಾವಣೆಗೆ ಬಂದದ್ದು ಆ ಭಾಷಣದಿಂದ.

ನಾಳೆ ನಿಮ್ಮ ಮಗಳು ಪಿಎಸ್‌ಐ ಆಗಲಿ ಎಂದು ನಾನೂ ಹಾರೈಸುತ್ತೇನೆ. ಕಳವಿನ ದೂರು ಬಂದ ರಾತ್ರಿ, ಜೀಪು ಯಾವ ಓಣಿಗೆ ಹೋಗಬೇಕೆಂದು ಹಳೆಯ ರೂಢಿಯೇ ಹೇಳಿಬಿಡುತ್ತದೆ. ಆ ಗಳಿಗೆಯಲ್ಲಿ ತಡೆದು, “ಸಾಕ್ಷಿ ಏನದ?” ಎಂದು ಕೇಳುವ ಅಧಿಕಾರಿ ನಮಗೆ ಬೇಕು. ದಯವಿಟ್ಟು ಅವಳ ಅರ್ಜಿಯಲ್ಲಿ ಸಮಾಜಶಾಸ್ತ್ರವನ್ನು ಹೊಡೆದುಹಾಕಬೇಡಿ.

ನಿಮ್ಮ ವಿಶ್ವಾಸಿ,
ಒಬ್ಬ ಅಧ್ಯಾಪಕ