ಆ ಈರುಳ್ಳಿ ಹುಳಿಗೆ ಬಿತ್ತೇ?

ಕಮೋಡಿನಲ್ಲಿ ಬಿದ್ದೆದ್ದ ಈರುಳ್ಳಿಯನ್ನು ತೊಳೆದು ಹುಳಿಗೆ ಹಾಕಬಹುದೇ? ಹೋದ ವಾರದಿಂದ ಈ ಪ್ರಶ್ನೆಯ ಮೇಲೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಅಜ್ಜಂಪುರದಲ್ಲಿ ಅಪ್ಪನದು ಒಂದು, ಅಮ್ಮನದು ಇನ್ನೊಂದು. ಡಲ್ಲಾಸಿನಲ್ಲಿ ನನ್ನ ಹೆಂಡತಿ ಅತ್ತೆಯ ಪಕ್ಷ ಸೇರಿದ್ದಾಳೆ. ಮದುವೆಯಾದಾಗಿನಿಂದ ಅತ್ತೆ-ಸೊಸೆ ಒಮ್ಮತಕ್ಕೆ ಬಂದ ಮೊದಲ ವಿಷಯ ಇದು.

ಮೇ ಕೊನೆಗೆ ಮಕ್ಕಳಿಗೆ ರಜೆ, ಊರಿಗೆ ಬರ್ತೀವಿ ಅಂದದ್ದೇ ತಡ, ಅಪ್ಪನಿಗೆ ಹಿತ್ತಲ ಕಡೆಯ ಕಮೋಡು ನೆನಪಾಯಿತು. ಅದರ ಬುಡದಲ್ಲಿ ಬಿರುಕು. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಫ್ಲಶ್ ಟ್ಯಾಂಕು ಅಪ್ಪನಿಗಿಂತ ಮೊದಲೇ ನಿವೃತ್ತವಾಗಿದೆ. ಅದರ ಮುಚ್ಚಳದ ಮೇಲೆ ಅಮ್ಮ ಹಲ್ಲುಪುಡಿ ಡಬ್ಬಿ ಇಡುತ್ತಾಳೆ. ಬಕೆಟ್ಟೇ ಫ್ಲಶ್ಶು. ಪಕ್ಕದ, ಕುಕ್ಕರಿಸಿ ಕೂರುವ ಒರಿಸ್ಸಾ ಪ್ಯಾನಿನ ಮೇಲಂತೂ ನನ್ನ ಮಗ ಯಾವಾಗಲೂ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಮಗಳು ಬಂದಾಗಲೆಲ್ಲ ಬಾಬಾಬುಡನ್‌ಗಿರಿ ನೋಡಬೇಕು ಅಂತ ಹಟ ಹಿಡಿಯುತ್ತಾಳೆ. ಮೊಮ್ಮಗಳಿಗೆ ಎಂಥಾ ನಿಸರ್ಗಪ್ರೇಮ ಅಂತ ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದರು. ಅವಳಿಗೆ ಪ್ರೇಮ ಇದ್ದದ್ದು ಅಲ್ಲಿನ ಹೋಂಸ್ಟೇಯ ಬಚ್ಚಲಿನ ಮೇಲೆ.

ಅಪ್ಪ ಹೈಸ್ಕೂಲಿನಲ್ಲಿ ಗಣಿತ ಹೇಳಿದವರು. ಯಾವ ಕಮೋಡು ಗಟ್ಟಿ, ಯಾವುದು ಅಗ್ಗ ಅಂತ ಫೋನಿನಲ್ಲಿ ಕೇಳಿದರು. ನಾನು ಅಮೆರಿಕದ ಪುರಾಣ ಬಿಚ್ಚಿದೆ. ಇಲ್ಲಿ 1992ರಲ್ಲಿ ಕಾನೂನು ಬಂತು. 1994ರಿಂದ ಮನೆಗೆಂದು ತಯಾರಾಗುವ ಹೊಸ ಕಮೋಡು ಒಂದು ಸಲಕ್ಕೆ 1.6 ಗ್ಯಾಲನ್, ಅಂದರೆ ಆರು ಲೀಟರಿಗಿಂತ ಹೆಚ್ಚು ನೀರು ಕುಡಿಯುವಂತಿಲ್ಲ. ಮೊದಮೊದಲು ಬಂದವು ಕಟ್ಟಿಕೊಂಡು ಜನ ಶಾಪ ಹಾಕಿದರು. ಆಮೇಲೆ 2003ರಲ್ಲಿ ಮ್ಯಾಪ್ ಅನ್ನುವ ಪರೀಕ್ಷೆ ಶುರುವಾಯಿತು. ಸೋಯಾ ಕಾಳಿನ ಗಟ್ಟಿ ಹಿಟ್ಟನ್ನು ಉರುಳೆ ಮಾಡಿ ಹಾಕಿ, ಒಂದೇ ಫ್ಲಶ್ಶಿಗೆ ಎಷ್ಟು ಗ್ರಾಮು ಹೋಯಿತು ಅಂತ ಅಂಕ ಕೊಡುತ್ತಾರೆ. ಅತಿ ಹೆಚ್ಚೆಂದರೆ 1,000. ಅಮೆರಿಕನ್ ಸ್ಟ್ಯಾಂಡರ್ಡ್ ಕಂಪನಿಯವರು ತಮ್ಮ ಚಾಂಪಿಯನ್ ಕಮೋಡಿಗೆ ಬಕೆಟ್ಟು ಗಾಲ್ಫ್ ಚೆಂಡು ಸುರಿದು ಜಾಹೀರಾತು ಮಾಡಿದರು.

ಅಷ್ಟೊತ್ತೂ ತೂಕಡಿಸುತ್ತಿದ್ದ ಅಪ್ಪ ಈ ಚೆಂಡಿಗೆ ಎದ್ದು ಕೂತರು. "ನಮ್ಮೂರಲ್ಲಿ ಗಾಲ್ಫ್ ಯಾರು ಆಡ್ತಾರೋ? ಈರುಳ್ಳಿ ಸಾಕಲ್ವೇನೋ?"

ತಮಾಷೆ ಅಂದುಕೊಂಡು ಫೋನ್ ಇಟ್ಟೆ. ಮಾರನೇ ದಿನ ಅಲ್ಲಿ ಬೆಳಿಗ್ಗೆ ಹತ್ತೂವರೆ, ಇಲ್ಲಿ ನಡುರಾತ್ರಿ ಹನ್ನೆರಡು, ವಿಡಿಯೋ ಕಾಲ್ ಬಂತು. ಈ ಹೊತ್ತಿಗೆ ಊರಿನ ಫೋನ್ ಅಂದರೆ ಹೊರನಾಡಿನವರಿಗೆ ಎದೆ ಧಸಕ್ಕನ್ನುತ್ತದೆ. ನಡುಗುವ ಕೈಯಲ್ಲಿ ಎತ್ತಿದೆ. ಪರದೆಯ ತುಂಬ ಒಂದು ಕಮೋಡು, ಅದರೊಳಗೆ ಈರುಳ್ಳಿ.

ತರೀಕೆರೆಯ ಸ್ಯಾನಿಟರಿ ಅಂಗಡಿ. ಯಜಮಾನ ಅಪ್ಪನ ಹಳೇ ಶಿಷ್ಯ. ಬೇಡ ಅನ್ನಲು ಬಾಯಿಲ್ಲದೆ, ಬೀಜಗಣಿತದ ಪಿರಿಯಡ್ಡಿನಲ್ಲಿದ್ದವನ ಹಾಗೆ ಕೈಕಟ್ಟಿ ನಿಂತಿದ್ದ. ಅಂಗಡಿಯ ಹುಡುಗ ಕಮೋಡಿನ ಹಿಂದೆ ಪ್ಲಾಸ್ಟಿಕ್ ಟಬ್ಬಿಟ್ಟು, ಮುಂದೆ ಬಕೆಟ್ ಎತ್ತಿಕೊಂಡು ಆಜ್ಞೆಗೆ ಕಾಯುತ್ತಿದ್ದ. ಚೀಲದಲ್ಲಿ ಎರೆಮಣ್ಣಿನ ಈರುಳ್ಳಿ. ಎಲ್ಲವೂ ಗಾಲ್ಫ್ ಚೆಂಡಿನ ಗಾತ್ರದವೇ. ಹಿಂದಿನ ರಾತ್ರಿ ಆರಿಸಿದ್ದರಂತೆ!

"ಬಿಡೋ ನೀರು!"

ಈರುಳ್ಳಿ ತೇಲುವ ಪದಾರ್ಥ ಅನ್ನುವುದು ಆಗ ಎಲ್ಲರಿಗೂ ಗೊತ್ತಾಯಿತು. ಮೊದಲನೇ ಕಮೋಡಿನಲ್ಲಿ ಮೂರು ಹೋದವು. ಉಳಿದವು ಮೇಲೆ ಬಂದು ಗಿರಗಿರ ತಿರುಗುತ್ತ ನಮ್ಮನ್ನೇ ನೋಡಿದವು. "ಫೇಲ್" ಅಂದರು ಅಪ್ಪ. ಎರಡನೆಯದು ಪಿ-ಟ್ರಾಪಿನದು, ಬಾಯಿ ಹಿಂದಕ್ಕೆ. ಈರುಳ್ಳಿಗಳು ಟಬ್ಬನ್ನು ಲೆಕ್ಕಿಸದೆ ಹಾರಿ, ಟೈಲ್ಸಿನ ಮೇಲೆ ಉರುಳಿದವು. ಒಂದು ಬೀದಿಗೇ ಇಳಿಯಿತು. ಹೊರಗೆ ಜನ ಸೇರಿದ್ದರು. ಸೌತೆಕಾಯಿ ಹಾಕಿ ನೋಡಿ ಮೇಷ್ಟ್ರೇ ಅಂತ ಯಾರೋ ಸಲಹೆ ಕೊಟ್ಟರು. ಪಠ್ಯಕ್ರಮದಲ್ಲಿ ಇಲ್ಲ ಅಂತ ಅಪ್ಪ ತಳ್ಳಿಹಾಕಿದರು. ಹತ್ತಕ್ಕೆ ಇಷ್ಟು ಅಂತ ಚೀಟಿಯಲ್ಲಿ ಅಂಕ ಬಿದ್ದವು. ಒಂದು ಕಂಪನಿಗೆ ಗ್ರೇಸ್ ಮಾರ್ಕ್ಸ್ ಕೂಡ ಸಿಕ್ಕಿತು.

ಇಲ್ಲಿಗೆ ಮುಗಿದಿದ್ದರೆ ಮನೆತನದ ಮಾನ ಉಳಿಯುತ್ತಿತ್ತು. ಅಪ್ಪ ಆ ಈರುಳ್ಳಿಗಳನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿ ಮನೆಗೆ ತಂದರು. ಬೀದಿಗೆ ಇಳಿದಿದ್ದನ್ನೂ.

ಅಮ್ಮ ಚೀಲವನ್ನು ಅಂಗಳದಲ್ಲೇ ತಡೆದಳು. ಅಪ್ಪನದು ಶುದ್ಧ ತರ್ಕ: "ಹೊಸಾ ಕಮೋಡು ಕಣೇ, ಯಾರೂ ಕೂತಿಲ್ಲ. ನೀನು ಉಪ್ಪಿನಕಾಯಿ ಹಾಕೋ ಭರಣೀನೂ ಪಿಂಗಾಣಿ, ಅದೂ ಪಿಂಗಾಣಿ."

"ಹಾಗಾದ್ರೆ ಈ ವರ್ಷದ ಮಿಡಿಗಾಯಿ ಅದರಲ್ಲೇ ಹಾಕ್ತೀನಿ, ತಗೊಂಡು ಬನ್ನಿ."

"ಹಾಕು. ಭರಣಿಗಿಂತ ವಾಸಿ. ಮುಚ್ಚಳ ಸದ್ದಿಲ್ಲದೆ ತಾನೇ ಮುಚ್ಚಿಕೊಳ್ಳುತ್ತೆ."

ಹಸುವಿಗಾದರೂ ಹಾಕೋಣ ಅಂತ ಹೊರಟರೆ ಪಕ್ಕದ ಮನೆಯ ಹಸು ಮೂಸಿ ಮುಖ ತಿರುಗಿಸಿತು. ಟಿಪ್ಪುವಿನ ಫಿರಂಗಿ ಎಳೆದ ಅಮೃತಮಹಲ್ ತಳಿಯ ಊರು ನಮ್ಮದು, ಇಲ್ಲಿನ ಹಸುವಿಗಿರುವ ಮಡಿ ನಿಮಗಿಲ್ಲ ಅಂದಳು ಅಮ್ಮ. ಅಂದು ರಾತ್ರಿ ಮನೆಯಲ್ಲಿ ಈರುಳ್ಳಿ ಹುಳಿ. ಅದು ಬೇರೆ ಬುಟ್ಟಿಯದು ಅನ್ನುತ್ತಾಳೆ ಅಮ್ಮ. ಅಪ್ಪ ಎರಡು ಸಲ ಬಡಿಸಿಕೊಂಡು ಮೀಸೆಯಲ್ಲೇ ನಗುತ್ತಿದ್ದರಂತೆ. ಆ ಹೊತ್ತಿಗೆ ಸರಿಯಾಗಿ ಬೀರೂರಿನಿಂದ ಬಂದ ಚಿಕ್ಕಪ್ಪ ಏನೂ ತಿಳಿಯದೆ ಚೆನ್ನಾಗಿ ಉಂಡು ಹೋದರು. ಈಗ ದಿನಾ ನನಗೆ ಫೋನ್ ಮಾಡುತ್ತಾರೆ: "ನಿಜ ಹೇಳು, ಅದು ಆ ಈರುಳ್ಳೀನಾ?"

ನಗುತ್ತಲೇ ಒಂದು ಮಾತು ಹೇಳಬೇಕು. ಅಪ್ಪನ ಅಂಕಪಟ್ಟಿಯ ಫೋಟೋ ತರಿಸಿಕೊಂಡು ನೋಡಿದೆ. ಈರುಳ್ಳಿಯ ಕಾಲಮ್ಮಿನ ಪಕ್ಕ ಇನ್ನೊಂದು ಕಾಲಮ್ಮು, 'ಎತ್ತರ'. ಯಾಕೆಂದು ಕೇಳಿದರೆ ಮಾತು ಹಾರಿಸಿದರು. ಅಮ್ಮ ಹೇಳಿದಳು: ಇಟ್ಟಿಗೆ ಪೇರಿಸಿ, ಮೇಲೆ ಮಣೆ ಇಟ್ಟು, ಅವಳನ್ನು ಕೂರಿಸಿ ಏಳಿಸಿ, ಯಾವ ಎತ್ತರದಿಂದ ಕೈ ಊರದೆ ಏಳುತ್ತಾಳೆ ಅಂತ ನೋಡಿ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರಂತೆ. ಇಷ್ಟು ವರ್ಷ ಫ್ಲಶ್ಶಿನ ಬದಲು ಬಕೆಟ್ ತುಂಬಿಟ್ಟವರೂ ಅವರೇ. ಅಮ್ಮನ ಮುಂದೆ ಮಾತ್ರ, "ಇದೆಲ್ಲ ಮೊಮ್ಮಕ್ಕಳಿಗೆ ಕಣೇ." ಅಮ್ಮನೂ ಹಾಗೇ: "ನನಗೇನು ಮಂಡಿನೋವು? ಆ ಮಕ್ಕಳಿಗೆ ಪಾಪ." ಮಕ್ಕಳ ಹೆಸರಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಮೋಡು ಕೊಡಿಸಿಕೊಂಡರು.

ಕೊನೆಗೆ ಆಯ್ಕೆ ಹೀಗಾಯಿತು. ಕೂರಲೂ ಕುಕ್ಕರಿಸಲೂ ಬರುವ ಆಂಗ್ಲೋ-ಇಂಡಿಯನ್ ಬೇಡ, ಮಂಡಿ ಒಪ್ಪದು. ಗೋಡೆಗೆ ತೂಗುಹಾಕುವುದು ಬೇಡ, ಟ್ಯಾಂಕು ಗೋಡೆಯೊಳಗೆ ಅಡಗಿರುತ್ತದೆ, ಕೆಟ್ಟರೆ ಬೆಂಗಳೂರಿನಿಂದ ಮೇಸ್ತ್ರಿ ಬರಬೇಕು. ಮಗಳು ಕೇಳಿದ ಬಿಸಿ ಸೀಟಂತೂ ಬೇಡವೇ ಬೇಡ, ಮೇ ತಿಂಗಳ ಅಜ್ಜಂಪುರದಲ್ಲಿ ಎಲ್ಲ ಸೀಟೂ ಬಿಸಿಯೇ. ನೆಲದ ಮೇಲೆ ಕೂರುವ, ಟ್ಯಾಂಕು ಹೊರಗಿರುವ, ಮೂರು-ಆರು ಲೀಟರಿನ ಎರಡು ಗುಂಡಿಯ ಸಾದಾ ಕಮೋಡು ಬಂತು. ಹಳೇ ತೂತು ನೆಲದಲ್ಲಿದ್ದದ್ದರಿಂದ ಎಸ್-ಟ್ರಾಪ್. ಸೀಮೆಸುಣ್ಣದ ಗೆರೆಗೆ ಸರಿಹೋಗಲು ಕೆಳಗೊಂದು ಗ್ರಾನೈಟ್ ಹಲಗೆ. ಮಗನ ಕಾಲು ನೆಲಕ್ಕೆ ಎಟುಕದು, ಅವನಿಗೊಂದು ಮಣೆ.

ನೀವೂ ಕಮೋಡು ಬದಲಿಸುವವರಾದರೆ ಕೇಳಿ. ಮೊದಲು ಟೇಪು ಹಿಡಿದು, ಟೈಲ್ಸ್ ಹಾಕಿದ ಗೋಡೆಯಿಂದ ನೆಲದ ತೂತಿನ ನಡುವಿಗೆ ಎಷ್ಟು ಅಂತ ಅಳೆದು ಬರೆದುಕೊಳ್ಳಿ. ಟ್ಯಾಂಕಿನೊಳಗಿನ ರಬ್ಬರು, ವಾಲ್ವು ನಿಮ್ಮೂರಲ್ಲೇ ಸಿಗುತ್ತವೆಯೇ ವಿಚಾರಿಸಿ. ಸಿಗದಿದ್ದರೆ ಯಾವ ಕಂಪನಿಯದೂ ಬೇಡ. ಮನೆಯಲ್ಲಿ ಎಲ್ಲರಿಗಿಂತ ಕೆಟ್ಟ ಮಂಡಿ ಯಾರದೋ ಅವರನ್ನು ಅಂಗಡಿಗೆ ಕರೆದೊಯ್ದು ಕೂರಿಸಿ, ಏಳಿಸಿ ನೋಡಿ. ನಾಚಿಕೊಂಡರೆ ಎದುರಿನ ಕಮೋಡಿನ ಮೇಲೆ ನೀವೂ ಕೂತುಬಿಡಿ.